ಕಾಲ ಬೇರೆಯಾದ ಬಾಕ್ಸರ್‌ಗಳು ಎದುರಾದರೆ

1970ರ ಜನವರಿ 20ರ ರಾತ್ರಿ ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ ಏಕಕಾಲಕ್ಕೆ ಒಂದು ಬಾಕ್ಸಿಂಗ್ ಪಂದ್ಯ ತೆರೆ ಕಂಡಿತು. ಒಂದು ಮೂಲೆಯಲ್ಲಿ ರಾಕಿ ಮಾರ್ಸಿಯಾನೊ. ಅವರು ಆಡಿದ 49 ವೃತ್ತಿಪರ ಪಂದ್ಯಗಳನ್ನೂ ಗೆದ್ದು, 1956ರಲ್ಲಿ ಸೋಲಿಲ್ಲದ ಹೆವಿವೇಟ್ ಚಾಂಪಿಯನ್ ಆಗಿಯೇ ನಿವೃತ್ತರಾದವರು. ಇನ್ನೊಂದು ಮೂಲೆಯಲ್ಲಿ ಮುಹಮ್ಮದ್ ಅಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆ ಸೇರಲು ನಿರಾಕರಿಸಿ 1967ರಲ್ಲಿ ಪಟ್ಟವನ್ನೂ ರಿಂಗನ್ನೂ ಕಳೆದುಕೊಂಡವರು. ಮಾರ್ಸಿಯಾನೊ ಕೊನೆಯ ಪಂದ್ಯ ಆಡಿದಾಗ ಅಲಿಗೆ ಇನ್ನೂ 13 ವರ್ಷ. ಇವರಿಬ್ಬರ ನಡುವೆ ನಿಜವಾದ ಪಂದ್ಯ ನಡೆಯಲು ಸಾಧ್ಯವೇ ಇರಲಿಲ್ಲ. ತೆರೆಯ ಮೇಲೆ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ನಾಕೌಟ್ ಮಾಡಿ ಗೆದ್ದರು. ಆ ಫಲಿತಾಂಶವನ್ನು ನಿರ್ಧರಿಸಿದ್ದು ಒಂದು ಕಂಪ್ಯೂಟರ್.

ಇದರ ಹಿಂದೆ ಇದ್ದವರು ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್. 1967ರಲ್ಲಿ ಅವರು ಎಲ್ಲ ಕಾಲದ ಹದಿನಾರು ಹೆವಿವೇಟ್ ಬಾಕ್ಸರ್‌ಗಳನ್ನು ಆರಿಸಿ ಒಂದು ಕಾಲ್ಪನಿಕ ಟೂರ್ನಿ ನಡೆಸಿದ್ದರು. ಬಾಕ್ಸಿಂಗ್ ಬಲ್ಲವರಿಗೆ ಪ್ರಶ್ನಾವಳಿ ಕಳಿಸಿ, ಒಬ್ಬೊಬ್ಬ ಬಾಕ್ಸರ್‌ನ ವೇಗ, ಗುದ್ದಿನ ಬಲ, ತಾಳಿಕೆ, ಗಾಯವಾಗುವ ಸಾಧ್ಯತೆ ಇತ್ಯಾದಿಗಳಿಗೆ ಅಂಕ ಪಡೆದು, ಆ ಅಂಕಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರ್‌ಗೆ ಉಣಿಸಲಾಯಿತು. ಯಂತ್ರ ಕೊಟ್ಟ ಫಲಿತಾಂಶಗಳು ರೇಡಿಯೊದಲ್ಲಿ ವೀಕ್ಷಕ ವಿವರಣೆಯಾಗಿ ಪ್ರಸಾರವಾದವು. ಆ ಟೂರ್ನಿಯಲ್ಲಿ ಅಲಿ, ಶತಮಾನದ ಆರಂಭದ ಚಾಂಪಿಯನ್ ಜಿಮ್ ಜೆಫ್ರೀಸ್ ಎದುರು ಸೋತರು. ಇದರಿಂದ ತಮ್ಮ ಹೆಸರಿಗೆ ಮಸಿ ಬಳಿದಂತಾಯಿತೆಂದು ಅಲಿ ಹತ್ತು ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ರಾಜಿಯಾಯಿತು, ಮಾರ್ಸಿಯಾನೊ ಜೊತೆಗಿನ ಚಿತ್ರ ಹುಟ್ಟಿದ್ದು ಆ ರಾಜಿಯಿಂದ. 1969ರಲ್ಲಿ ಮಯಾಮಿಯಲ್ಲಿ ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳನ್ನು ಚಿತ್ರೀಕರಿಸಲಾಯಿತು. ಮಾರ್ಸಿಯಾನೊ ಇಪ್ಪತ್ತು ಕಿಲೋಗೂ ಹೆಚ್ಚು ತೂಕ ಇಳಿಸಿ, ಬೋಳುತಲೆಗೆ ಕೃತಕ ಕೂದಲು ತೊಟ್ಟು ಬಂದರು. ಇಬ್ಬರೂ ಗುದ್ದುಗಳನ್ನು ಬಹುಮಟ್ಟಿಗೆ ಬಲ ತಗ್ಗಿಸಿ ಹೊಡೆದರು. ಮುಕ್ತಾಯವನ್ನು ಹಲವು ಬಗೆಯಲ್ಲಿ ಚಿತ್ರಿಸಿಟ್ಟು, ಕಂಪ್ಯೂಟರ್ ಹೇಳಿದ್ದನ್ನು ಆಮೇಲೆ ಜೋಡಿಸಲಾಯಿತು. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುದಿನ ಅವರಿಗೆ 46 ತುಂಬುವುದಿತ್ತು.

ಕಂಪ್ಯೂಟರ್ ತಾನಾಗಿ ಏನನ್ನೂ ಅಳೆದಿರಲಿಲ್ಲ. ಅದರೊಳಗೆ ಹೋದದ್ದು ಜನರ ಅಭಿಪ್ರಾಯ. ಹೊರಗೆ ಬಂದದ್ದೂ ಅದೇ ಅಭಿಪ್ರಾಯದ ಇನ್ನೊಂದು ರೂಪ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಇಂಥ ಪ್ರೋಗ್ರಾಮಿನಲ್ಲಿ ಯಾದೃಚ್ಛಿಕ ಸಂಖ್ಯೆಗಳ ಪಾತ್ರ ಇರುತ್ತದೆ. ಪ್ರತಿ ಗುದ್ದು ತಾಕಿತೋ ತಪ್ಪಿತೋ ಎಂಬುದನ್ನು ಯಂತ್ರ ದಾಳ ಉರುಳಿಸಿದಂತೆ ತೀರ್ಮಾನಿಸುತ್ತದೆ. ಹಾಗಾಗಿ ಒಂದು ಸಲ ಓಡಿಸಿದರೆ ಸಿಗುವುದು ಸಾಧ್ಯವಿರುವ ಸಾವಿರಾರು ಪಂದ್ಯಗಳಲ್ಲಿ ಒಂದು ಮಾತ್ರ. ಉತ್ತರ ಬೇಕಾದರೆ ಅದೇ ಪಂದ್ಯವನ್ನು ಹತ್ತು ಸಾವಿರ ಸಲ ಓಡಿಸಿ, ಯಾರು ಎಷ್ಟು ಸಲ ಗೆದ್ದರು ಎಂದು ಎಣಿಸಬೇಕು. ಪರಮಾಣು ಸಂಶೋಧನೆಗಾಗಿ 1940ರ ದಶಕದಲ್ಲಿ ಲಾಸ್ ಅಲಮಾಸ್‌ನಲ್ಲಿ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ಫಾನ್ ನಾಯ್ಮನ್ ರೂಪಿಸಿದ ಮಾಂಟೆ ಕಾರ್ಲೊ ವಿಧಾನದ ತಿರುಳು ಇದೇ. ಒಂದೇ ಓಟದ ಫಲಿತಾಂಶದಿಂದ ಸಿನಿಮಾ ಆಗುತ್ತದೆ. ಆದರೆ ಯಾರು ಮೇಲು ಎಂಬುದು ತಿಳಿಯುವುದಿಲ್ಲ.

ನಿಜವಾದ ಪಂದ್ಯವೂ ಅಷ್ಟೇ, ಒಂದೇ ಸಲ ಉರುಳಿದ ದಾಳ. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್, ಅದುವರೆಗೆ ಸೋಲೇ ಕಾಣದಿದ್ದ ಮೈಕ್ ಟೈಸನ್‌ರನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿದರು. ಡಗ್ಲಸ್ ಗೆದ್ದರೆ ಒಂದಕ್ಕೆ 42 ಕೊಡುವುದಾಗಿ ಲಾಸ್ ವೇಗಸ್‌ನಲ್ಲಿ ಬಾಜಿ ನಡೆದಿತ್ತು. ಅಪರೂಪದ್ದು ಆ ರಾತ್ರಿಯೇ ನಡೆಯಿತು. ಮಾರ್ಸಿಯಾನೊ ಅವರ 49 ಗೆಲುವುಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಪ್ರತಿ ಪಂದ್ಯವನ್ನು ಗೆಲ್ಲುವ ಸಾಧ್ಯತೆ ಶೇಕಡ 95 ಇರುವ ಬಾಕ್ಸರ್ ಸತತ 49 ಪಂದ್ಯ ಗೆಲ್ಲುವ ಸಾಧ್ಯತೆ ಕೇವಲ ಶೇಕಡ 8. ಅದು ಶೇಕಡ 98 ಆದರೆ ಸತತ 49ರ ಸಾಧ್ಯತೆ ಶೇಕಡ 37ಕ್ಕೆ ಏರುತ್ತದೆ. ಮೂರು ಅಂಶದ ವ್ಯತ್ಯಾಸ ರಿಂಗಿನ ಪಕ್ಕ ಕುಳಿತವರ ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಸೋಲಿಲ್ಲದ ದಾಖಲೆ ಅಸಾಧಾರಣ ಸಾಮರ್ಥ್ಯಕ್ಕೆ ಸಾಕ್ಷಿ ಹೌದು. ಒಂದೆರಡು ಸೋಲು ಕಂಡವರಿಗಿಂತ ಅಂಥವರು ಮೇಲು ಎಂಬುದಕ್ಕೆ ಸಾಕ್ಷಿಯಲ್ಲ.

ಅಭಿಪ್ರಾಯವನ್ನು ಬದಿಗಿಟ್ಟು ಫಲಿತಾಂಶಗಳಿಂದಲೇ ಸಾಮರ್ಥ್ಯವನ್ನು ಲೆಕ್ಕ ಹಾಕುವ ದಾರಿಯೂ ಇದೆ. ಹಂಗೇರಿ ಮೂಲದ ಅಮೆರಿಕನ್ ಭೌತವಿಜ್ಞಾನಿ ಅರ್ಪಾದ್ ಎಲೊ ಚದುರಂಗಕ್ಕಾಗಿ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಪ್ರತಿ ಆಟಗಾರನಿಗೆ ಒಂದು ಸಂಖ್ಯೆ; ಇಬ್ಬರ ನಡುವಿನ ಅಂತರ 200 ಇದ್ದರೆ ಮೇಲಿನವನಿಗೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಅಂಕ ಸಿಗಬೇಕೆಂಬ ನಿರೀಕ್ಷೆ. ಬಲಶಾಲಿಯನ್ನು ಸೋಲಿಸಿದರೆ ಸಂಖ್ಯೆ ಹೆಚ್ಚು ಏರುತ್ತದೆ, ದುರ್ಬಲನನ್ನು ಸೋಲಿಸಿದರೆ ಕಡಿಮೆ. ಇದನ್ನು ಬಾಕ್ಸಿಂಗಿಗೂ ಅನ್ವಯಿಸುವವರಿದ್ದಾರೆ. ಆದರೆ ಚದುರಂಗದ ಆಟಗಾರ ವರ್ಷಕ್ಕೆ ಹತ್ತಾರು ಆಟ ಆಡುತ್ತಾನೆ. ಇಂದಿನ ಹೆವಿವೇಟ್ ಚಾಂಪಿಯನ್ ಒಂದೆರಡು ಪಂದ್ಯ ಆಡಿದರೆ ಹೆಚ್ಚು. ಅಷ್ಟು ಕಡಿಮೆ ಮಾಹಿತಿಯಿಂದ ಬಂದ ಸಂಖ್ಯೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೇಲಾಗಿ ಈ ರೇಟಿಂಗಿನಲ್ಲಿ ಅರ್ಥವಿರುವುದು ಅಂತರಕ್ಕೆ ಮಾತ್ರ, ಅದೂ ಒಂದೇ ಕಾಲದಲ್ಲಿ ಪರಸ್ಪರ ಆಡಿದವರ ನಡುವಿನ ಅಂತರಕ್ಕೆ. 1955ರ ಒಂದು ಸಂಖ್ಯೆಯೂ 2024ರ ಅದೇ ಸಂಖ್ಯೆಯೂ ಒಂದೇ ಸಾಮರ್ಥ್ಯವನ್ನು ಹೇಳುತ್ತವೆ ಎನ್ನಲು ಆಧಾರವಿಲ್ಲ.

ಕಾಲದಿಂದ ಕಾಲಕ್ಕೆ ಕೊಂಡಿಗಳೇನೋ ಇವೆ. ಮಾರ್ಸಿಯಾನೊ ಮತ್ತು ಅಲಿ ಇಬ್ಬರ ಎದುರೂ ರಿಂಗಿಗಿಳಿದ ಆರ್ಚಿ ಮೂರ್ ಅಂಥದೊಂದು ಕೊಂಡಿ. 1955ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕಿನಲ್ಲಿ ಮೂರ್ ಎರಡನೆಯ ಸುತ್ತಿನಲ್ಲಿ ಮಾರ್ಸಿಯಾನೊರನ್ನು ಕೆಡವಿದರು. ಒಂಬತ್ತನೆಯ ಸುತ್ತಿನಲ್ಲಿ ತಾವೇ ನಾಕೌಟ್ ಆದರು. ಅದು ಮಾರ್ಸಿಯಾನೊ ಅವರ ಕೊನೆಯ ಪಂದ್ಯ. 1962ರ ನವೆಂಬರ್ 15ರಂದು ಲಾಸ್ ಏಂಜಲೀಸ್‌ನಲ್ಲಿ, ಆಗಿನ್ನೂ ಕ್ಯಾಸಿಯಸ್ ಕ್ಲೇ ಎಂದೇ ಹೆಸರಾಗಿದ್ದ ಇಪ್ಪತ್ತು ವರ್ಷದ ಅಲಿ ಅದೇ ಮೂರ್‌ರನ್ನು ನಾಲ್ಕನೆಯ ಸುತ್ತಿನಲ್ಲೇ ಮುಗಿಸಿದರು. ಒಂಬತ್ತಕ್ಕಿಂತ ನಾಲ್ಕು ಕಡಿಮೆ, ಆದ್ದರಿಂದ ಅಲಿಯೇ ಮೇಲು ಎಂದು ಲೆಕ್ಕ ಹಾಕುವಂತಿಲ್ಲ. ಮೂರ್ ಹುಟ್ಟಿದ್ದು 1913ರಲ್ಲೋ 1916ರಲ್ಲೋ ಎಂಬುದೇ ವಿವಾದ. ಅಂದರೆ ಮೊದಲ ಪಂದ್ಯದಲ್ಲಿ ಅವರಿಗೆ 38 ಅಥವಾ 41, ಎರಡನೆಯದರಲ್ಲಿ 45 ಅಥವಾ 48. ಹೆಸರು ಒಂದೇ ಆದರೂ ಮಾರ್ಸಿಯಾನೊ ಎದುರಿಸಿದ ಮೂರ್ ಬೇರೆ, ಅಲಿ ಎದುರಿಸಿದ ಮೂರ್ ಬೇರೆ. ಬಾಕ್ಸಿಂಗಿನಲ್ಲಿ ಎರಡು ತಲೆಮಾರನ್ನು ಬೆಸೆಯುವ ಪಂದ್ಯಗಳೆಲ್ಲ ಬಹುಪಾಲು ಹೀಗೆಯೇ. ಒಬ್ಬ ಏರುತ್ತಿರುತ್ತಾನೆ, ಇನ್ನೊಬ್ಬ ಇಳಿಯುತ್ತಿರುತ್ತಾನೆ. 1951ರಲ್ಲಿ ಮಾರ್ಸಿಯಾನೊ ಸೋಲಿಸಿದ ಜೋ ಲೂಯಿ, 1980ರಲ್ಲಿ ಲ್ಯಾರಿ ಹೋಮ್ಸ್ ಸೋಲಿಸಿದ ಅಲಿ, 1988ರಲ್ಲಿ ಟೈಸನ್ ಸೋಲಿಸಿದ ಹೋಮ್ಸ್ ಎಲ್ಲರೂ ತಮ್ಮ ಒಳ್ಳೆಯ ದಿನಗಳನ್ನು ದಾಟಿದವರು. ಕೊಂಡಿಯಿಂದ ಕೊಂಡಿಗೆ ಹೋದಷ್ಟೂ ತಪ್ಪು ಬೆಳೆಯುತ್ತದೆ.

ಕೊಂಡಿಗಳೆಲ್ಲ ಗಟ್ಟಿಯಾಗಿದ್ದರೂ ಎಲೊ ಮಾದರಿಯ ಲೆಕ್ಕ ಎಡವುವ ಇನ್ನೊಂದು ಜಾಗವಿದೆ. ಈ ಇಡೀ ವಿಷಯದ ಹೃದಯಭಾಗ ಅದು. 1970ರ ದಶಕದ ನಾಲ್ವರು ಹೆವಿವೇಟ್‌ಗಳಾದ ಅಲಿ, ಜೋ ಫ್ರೇಜರ್, ಕೆನ್ ನಾರ್ಟನ್, ಜಾರ್ಜ್ ಫೋರ್‌ಮನ್ ಒಂದೇ ಕಾಲದವರು, ತಮ್ಮ ತಮ್ಮೊಳಗೆ ಆಡಿದವರು. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್, ಫ್ರೇಜರ್‌ರನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿ ಪಟ್ಟ ಕಸಿದರು. 1974ರ ಮಾರ್ಚ್‌ನಲ್ಲಿ ಕರಾಕಸ್‌ನಲ್ಲಿ ನಾರ್ಟನ್ ಕೂಡ ಅವರ ಮುಂದೆ ನಿಂತದ್ದು ಎರಡೇ ಸುತ್ತು. ಅದೇ ವರ್ಷ ಅಕ್ಟೋಬರ್ 30ರಂದು ಕಿನ್‌ಶಾಸಾದಲ್ಲಿ ಅಲಿ, ಫೋರ್‌ಮನ್‌ರನ್ನು ಎಂಟನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. ಹಾಗಾದರೆ ಫ್ರೇಜರ್ ಮತ್ತು ನಾರ್ಟನ್ ಅಲಿಗೆ ಸುಲಭದ ತುತ್ತಾಗಬೇಕಿತ್ತು. ಆಗಲಿಲ್ಲ. 1971ರಲ್ಲಿ ಫ್ರೇಜರ್ ಎದುರು, 1973ರಲ್ಲಿ ನಾರ್ಟನ್ ಎದುರು ಅಲಿ ಸೋತರು. ನಾರ್ಟನ್ ಅಲಿಯ ದವಡೆಯನ್ನೇ ಮುರಿದಿದ್ದರು. ಮುಂದೆ ಇಬ್ಬರ ಮೇಲೂ ಎರಡೆರಡು ಗೆಲುವು ಪಡೆದರೂ, ಫ್ರೇಜರ್ ಜೊತೆ ಒಟ್ಟು 41 ಸುತ್ತು, ನಾರ್ಟನ್ ಜೊತೆ 39 ಸುತ್ತು ಸೆಣಸಬೇಕಾಯಿತು. ಫೋರ್‌ಮನ್‌ಗೆ ಫ್ರೇಜರ್ ಮೇಲೆ ಗೆಲ್ಲುವ ಸಾಧ್ಯತೆ ಶೇಕಡ 80, ಅಲಿಗೆ ಫೋರ್‌ಮನ್ ಮೇಲೆ ಶೇಕಡ 60 ಎಂದು ಊಹಿಸಿಕೊಂಡರೆ, ಎಲೊ ಗಣಿತದ ಪ್ರಕಾರ ಅಲಿಗೆ ಫ್ರೇಜರ್ ಮೇಲೆ ಶೇಕಡ 86 ಬರಲೇಬೇಕು. ಆ 41 ಸುತ್ತುಗಳನ್ನು ನೋಡಿದ ಯಾರೂ ಆ ಸಂಖ್ಯೆಯನ್ನು ಒಪ್ಪುವುದಿಲ್ಲ.

ಕಾರಣ ಇರುವುದು ಶೈಲಿಯಲ್ಲಿ. ಫ್ರೇಜರ್ ಬಗ್ಗಿ, ತಲೆಯನ್ನು ಅತ್ತಿತ್ತ ತೂಗುತ್ತಾ ಒಳನುಗ್ಗಿ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹೊಡೆಯುವ ಗುದ್ದು) ಬೀಸುತ್ತಿದ್ದರು. ದೂರದಿಂದ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಮಾಡಿ ಕಾಲಿನ ಚುರುಕಿನಿಂದ ಜಾರಿಕೊಳ್ಳುವ ಅಲಿಗೆ ಆ ನುಗ್ಗುವಿಕೆಯೇ ಕಂಟಕ. ಅದೇ ನುಗ್ಗುವಿಕೆ ಫೋರ್‌ಮನ್ ಎದುರು ಮುಳುವಾಯಿತು. ಅವರು ಉದ್ದ ತೋಳುಗಳಿಂದ ಫ್ರೇಜರ್‌ರನ್ನು ಹಿಂದಕ್ಕೆ ತಳ್ಳಿ, ಮತ್ತೆ ತಗ್ಗಿ ಬರುವ ತಲೆಗೆ ಕೆಳಗಿನಿಂದ ಅಪ್ಪರ್‌ಕಟ್ ಕೊಟ್ಟರು. ನಾರ್ಟನ್ ಬಲ ಕೈಗವಸನ್ನು ಗಲ್ಲದ ಬಳಿ ಇಟ್ಟು ಅಲಿಯ ಜ್ಯಾಬನ್ನು ಅಲ್ಲೇ ಹಿಡಿದು, ಅದೇ ಕ್ಷಣಕ್ಕೆ ತಮ್ಮ ಜ್ಯಾಬ್ ಬಿಡುತ್ತಿದ್ದರು. ಆದರೆ ಹಿಂದಕ್ಕೆ ಹೆಜ್ಜೆ ಹಾಕಬೇಕಾಗಿ ಬಂದಾಗ ಅವರ ಆಟ ಕುಸಿಯುತ್ತಿತ್ತು, ಫೋರ್‌ಮನ್ ಎಲ್ಲರನ್ನೂ ಹಿಂದಕ್ಕೇ ಅಟ್ಟುತ್ತಿದ್ದರು. ಕಲ್ಲು, ಕತ್ತರಿ, ಕಾಗದದ ಆಟದಲ್ಲಿ ಎಲ್ಲಕ್ಕಿಂತ ಬಲವಾದದ್ದು ಯಾವುದೂ ಇಲ್ಲದಂತೆ, ಸಾಮರ್ಥ್ಯಕ್ಕೆ ಎರಡು ಮೂರು ಬೇರೆ ಬೇರೆ ಮುಖಗಳಿದ್ದಾಗ ಅವನ್ನು ಒಂದೇ ಸಂಖ್ಯೆಗೆ ಇಳಿಸಲು ಬರುವುದಿಲ್ಲ. ಬಾಕ್ಸರ್ ಒಂದು ಸಂಖ್ಯೆಯಲ್ಲ. ಎದುರಾಳಿ ಬದಲಾದಂತೆ ಬದಲಾಗುವ ಗುಣಗಳ ಒಂದು ಗುಚ್ಛ.

ಆ ಗುಣಗಳಲ್ಲಿ ಕೆಲವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊ ಅವರಿಂದ, ಲೋಲಕದಂತೆ ತೂಗುಬಿಟ್ಟ ಮೆತ್ತೆಯ ಗುರಿಗೆ ಗುದ್ದಿಸಿದರು. ಮುಷ್ಟಿ ಹೊರಟು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸುಮಾರು ಅರ್ಧ ಮೀಟರ್ ಸಾಗಿ, ಸೆಕೆಂಡಿಗೆ 8.9 ಮೀಟರ್ ವೇಗದಲ್ಲಿ ಗುರಿಗೆ ಅಪ್ಪಳಿಸಿತು. ಅದು ಮನುಷ್ಯನ ತಲೆಗೆ 6,320 ನ್ಯೂಟನ್ ಬಲದವರೆಗಿನ ಏಟಿಗೆ ಸಮ ಎಂದು ಲೆಕ್ಕ ಹಾಕಲಾಯಿತು. ಗುರಿಗೆ ಬಂದ ವೇಗೋತ್ಕರ್ಷ ಗುರುತ್ವದ 53 ಪಟ್ಟು. ಕಂಡದ್ದಕ್ಕೆ ಸ್ಪಂದಿಸಲು ಮನುಷ್ಯನಿಗೆ ಬೇಕಾಗುವ ಸಮಯ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ, ಅಂದರೆ ಗುದ್ದು ತಲುಪುವ ಸಮಯದ ಇಮ್ಮಡಿ. ಆದ್ದರಿಂದ ಯಾವ ಬಾಕ್ಸರೂ ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ. ಎದುರಾಳಿಯ ಭುಜ, ಸೊಂಟ, ಪಾದಗಳ ಚಲನೆಯನ್ನು ಓದಿ, ಬರಲಿರುವ ಗುದ್ದನ್ನು ಊಹಿಸುತ್ತಾನೆ. ಈ ಓದು ಬರುವುದು ಅನುಭವದಿಂದ, ತಾನು ಕಂಡಿರುವ ಶೈಲಿಗಳಿಂದ. 1910ರ ಬಾಕ್ಸರ್‌ನನ್ನು ಇಂದಿನ ರಿಂಗಿಗೆ ತಂದು ನಿಲ್ಲಿಸಿದರೆ ಅವನ ಸ್ನಾಯುಗಳಿಗಿಂತ ಮೊದಲು ಸೋಲುವುದು ಈ ಓದು. ಇಂದಿನವನನ್ನು ಅಂದಿಗೆ ಒಯ್ದರೂ ಅದೇ ತೊಡಕು.

ಮೈಕಟ್ಟಿನ ವಿಷಯ ಸುಲಭವಾಗಿ ಕಾಣುತ್ತದೆ, ಹಾಗೆಯೇ ಸುಲಭವಾಗಿ ದಾರಿ ತಪ್ಪಿಸುತ್ತದೆ. ಎತ್ತರ ಶೇಕಡ 10 ಹೆಚ್ಚಿ ದೇಹದ ಅನುಪಾತ ಹಾಗೆಯೇ ಉಳಿದರೆ ತೂಕ ಶೇಕಡ 33 ಏರುತ್ತದೆ, ಸ್ನಾಯುಬಲವನ್ನು ನಿರ್ಧರಿಸುವ ಅಡ್ಡಕೊಯ್ತದ ವಿಸ್ತಾರ ಏರುವುದು ಶೇಕಡ 21 ಮಾತ್ರ. ದೊಡ್ಡವನ ಗುದ್ದು ಭಾರ. ಆದರೆ ಪ್ರತಿ ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ಅವನ ಬಲ ಕಡಿಮೆ. ಹೆವಿವೇಟ್ ವಿಭಾಗಕ್ಕೆ ಮೇಲ್ಮಿತಿ ಇಲ್ಲದ್ದರಿಂದ ಅಲ್ಲಿನ ಬಾಕ್ಸರ್‌ಗಳು ಬೆಳೆಯುತ್ತಲೇ ಬಂದಿದ್ದಾರೆ. ಮಾರ್ಸಿಯಾನೊ ಸುಮಾರು 84 ಕಿಲೋ. ಇಂದಿನ ಲೆಕ್ಕದಲ್ಲಿ ಅವರು 90.7 ಕಿಲೋ ಮಿತಿಯ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಾರೆ. ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ 2024ರ ಮೇ 18ರಂದು 119 ಕಿಲೋದಷ್ಟಿದ್ದರು. ಆದರೂ ಆ ರಾತ್ರಿ ಅವರನ್ನು ಸೋಲಿಸಿದ್ದು, ಕ್ರೂಸರ್‌ವೇಟ್‌ನಿಂದ ಮೇಲೆ ಬಂದ, ಅವರಿಗಿಂತ ಸುಮಾರು 15 ಸೆಂಟಿಮೀಟರ್ ಕುಳ್ಳಗಿನ ಒಲೆಕ್ಸಾಂಡರ್ ಉಸಿಕ್. 1919ರಲ್ಲೇ ಜಾಕ್ ಡೆಂಪ್ಸಿ 111 ಕಿಲೋ ತೂಗುವ ಜೆಸ್ ವಿಲ್ಲರ್ಡ್‌ರನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ್ದರು. ಡೆಂಪ್ಸಿ ತೂಗುತ್ತಿದ್ದದ್ದು ಸುಮಾರು 85 ಕಿಲೋ. ಗಾತ್ರ ಅನುಕೂಲವೇ, ಆದರೆ ದೊಡ್ಡ ದೇಹದಲ್ಲಿ ಒಳ್ಳೆಯ ಬಾಕ್ಸರ್ ಇದ್ದಾಗ ಮಾತ್ರ.

ನಿಯಮಗಳು ಗಾತ್ರಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತವೆ. 1910ರಲ್ಲಿ ರೀನೊದಲ್ಲಿ ಜಾಕ್ ಜಾನ್ಸನ್ ಮತ್ತು ಜೆಫ್ರೀಸ್ ನಡುವಿನ ಪಂದ್ಯ ನಿಗದಿಯಾದದ್ದು 45 ಸುತ್ತುಗಳಿಗೆ. ಮುಂದೆ ಪಟ್ಟದ ಪಂದ್ಯ 15 ಸುತ್ತು ಎಂದಾಯಿತು. 1982ರ ನವೆಂಬರ್‌ನಲ್ಲಿ ರೇ ಮಾನ್ಚಿನಿ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಕುಸಿದ ಕೊರಿಯಾದ ಕಿಮ್ ಡುಕ್ ಕೂ ತೀರಿಕೊಂಡ ಮೇಲೆ 12 ಸುತ್ತುಗಳ ಕಾಲ ಬಂತು. ಆ ಮೂರು ಸುತ್ತುಗಳ ಬೆಲೆ ಎಷ್ಟು ಎಂಬುದನ್ನು ಇತಿಹಾಸದ ಮೂರು ಪಂದ್ಯಗಳು ತೋರಿಸುತ್ತವೆ. 1941ರ ಜೂನ್ 18ರಂದು ಬಿಲ್ಲಿ ಕಾನ್ ಹನ್ನೆರಡು ಸುತ್ತುಗಳ ಕೊನೆಗೆ ಮೂವರಲ್ಲಿ ಇಬ್ಬರು ತೀರ್ಪುಗಾರರ ಪಟ್ಟಿಯಲ್ಲಿ ಜೋ ಲೂಯಿಗಿಂತ ಮುಂದಿದ್ದರು. ಹದಿಮೂರರಲ್ಲಿ ಲೂಯಿ ನಾಕೌಟ್ ಮಾಡಿದರು. 1952ರ ಜೂನ್‌ನ ಸುಡುಬೇಗೆಯಲ್ಲಿ ನ್ಯೂಯಾರ್ಕಿನ ಬಯಲು ಕ್ರೀಡಾಂಗಣದಲ್ಲಿ ಶುಗರ್ ರೇ ರಾಬಿನ್ಸನ್, ಜೋಯಿ ಮ್ಯಾಕ್ಸಿಮ್ ಎದುರು ಸ್ಪಷ್ಟವಾಗಿ ಮುಂದಿದ್ದು, ಹದಿಮೂರನೆಯ ಸುತ್ತಿನ ಕೊನೆಗೆ ಸೆಕೆಯ ಝಳಕ್ಕೆ ಬಸವಳಿದು ಮತ್ತೆ ಏಳಲಾಗಲಿಲ್ಲ. ರೆಫರಿಯೂ ಆ ಸೆಕೆ ತಾಳದೆ ನಡುವೆ ಹೊರಗೆ ಹೋಗಿದ್ದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಮಾರ್ಸಿಯಾನೊ ಮೊದಲ ಸುತ್ತಿನಲ್ಲಿ ಬಿದ್ದು, ಮೂವರು ತೀರ್ಪುಗಾರರ ಲೆಕ್ಕದಲ್ಲೂ ಹಿಂದೆ ಉಳಿದು, ಹದಿಮೂರರಲ್ಲಿ ಒಂದೇ ಬಲಗೈ ಗುದ್ದಿಗೆ ಜರ್ಸಿ ಜೋ ವಾಲ್ಕಾಟ್‌ರಿಂದ ಪಟ್ಟ ಗೆದ್ದರು. ಇಂದಿನ ನಿಯಮದಲ್ಲಿ ಈ ಮೂರೂ ಪಂದ್ಯಗಳ ಗೆಲುವು ಆಚೆಯವರದು. 49ರ ಆ ಪಟ್ಟಿಯಲ್ಲೂ ಒಂದು ಸೋಲು ಇರುತ್ತಿತ್ತು. ಹನ್ನೆರಡೇ ಸುತ್ತು ಎಂದು ಮೊದಲೇ ಗೊತ್ತಿದ್ದರೆ ಲೂಯಿ ಮತ್ತು ಮಾರ್ಸಿಯಾನೊ ಇನ್ನೂ ಮುಂಚೆಯೇ ಬಿರುಸಾಗುತ್ತಿದ್ದರು ಎಂಬುದೂ ನಿಜವೇ. ನಿಯಮ ಬದಲಾದರೆ ಫಲಿತಾಂಶದ ಜೊತೆಗೆ ತಂತ್ರವೂ ಬದಲಾಗುತ್ತದೆ.

ಡೆಂಪ್ಸಿ, ವಿಲ್ಲರ್ಡ್ ಎದುರು ಮಾಡಿದ್ದನ್ನು ಇಂದು ಮಾಡಲಾಗದು. ಬಿದ್ದವನ ನೆತ್ತಿಯ ಮೇಲೇ ನಿಂತು, ಅವನು ಏಳುತ್ತಿದ್ದಂತೆ ಮತ್ತೆ ಹೊಡೆಯಲು ಆಗ ಅವಕಾಶವಿತ್ತು. ಕೆಡವಿದವನು ದೂರದ ಮೂಲೆಗೆ ಹೋಗಬೇಕೆಂಬ ನಿಯಮ ಬಂದ ಮೇಲೂ ಡೆಂಪ್ಸಿ ಅವರ ಹಳೆಯ ಅಭ್ಯಾಸ ಬಿಡಲಿಲ್ಲ. 1927ರಲ್ಲಿ ಷಿಕಾಗೋದಲ್ಲಿ ಜೀನ್ ಟನಿಯನ್ನು ಕೆಡವಿ ಅಲ್ಲೇ ನಿಂತದ್ದರಿಂದ ರೆಫರಿಯ ಹತ್ತರವರೆಗಿನ ಎಣಿಕೆ ತಡವಾಗಿ ಶುರುವಾಯಿತು, ಟನಿ ಎದ್ದು ಗೆದ್ದರು. ತೂಕ ನೋಡುವ ಹೊತ್ತೂ ಬದಲಾಗಿದೆ. ಹಿಂದೆ ಪಂದ್ಯದ ದಿನವೇ ತೂಗುತ್ತಿದ್ದರು. ಈಗ ಹಿಂದಿನ ದಿನ. ದೇಹದ ನೀರು ಇಳಿಸಿ ತೂಕದ ಮಿತಿ ದಾಟಿದವನು ರಾತ್ರಿ ಕಳೆದು ಹಲವು ಕಿಲೋ ಮರಳಿ ಪಡೆದು ರಿಂಗಿಗೆ ಬರುತ್ತಾನೆ. ಹಾಗಾಗಿ 1946ರ ವೆಲ್ಟರ್‌ವೇಟ್ ಮತ್ತು ಇಂದಿನ ವೆಲ್ಟರ್‌ವೇಟ್ ಒಂದೇ ಹೆಸರಿನ ಎರಡು ಬೇರೆ ಗಾತ್ರಗಳು. ಆ ಕಾಲದ ರಾಬಿನ್ಸನ್ ಮತ್ತು ಈಚಿನ ಕಾಲದ ಫ್ಲಾಯ್ಡ್ ಮೇವೆದರ್ ಅವರ ಪಂದ್ಯ ಕಲ್ಪಿಸುವವರು ಮೊದಲು ಯಾವ ದಿನದ ತೂಕ ಎಂದು ಹೇಳಬೇಕಾಗುತ್ತದೆ.

ಸಾಕ್ಷ್ಯವೂ ಸಮನಾಗಿ ಉಳಿದಿಲ್ಲ. ಟನಿಯನ್ನು ವೃತ್ತಿಪರ ರಿಂಗಿನಲ್ಲಿ ಸೋಲಿಸಿದ ಏಕೈಕ ಬಾಕ್ಸರ್ ಹ್ಯಾರಿ ಗ್ರೆಬ್ ಮುನ್ನೂರರಷ್ಟು ಪಂದ್ಯ ಆಡಿದರು. ಅವುಗಳಲ್ಲಿ ಒಂದರ ಚಲನಚಿತ್ರವೂ ಉಳಿದಿಲ್ಲ. ಉಳಿದಿರುವ ಮೂಕಿ ಕಾಲದ ಚಿತ್ರಗಳನ್ನು ಸೆಕೆಂಡಿಗೆ 16ರ ಆಸುಪಾಸಿನ ಚೌಕಟ್ಟುಗಳಲ್ಲಿ ಕೈಯಿಂದ ತಿರುಗಿಸಿ ತೆಗೆದದ್ದು. ಅವನ್ನು 24 ಚೌಕಟ್ಟಿನ ವೇಗದಲ್ಲಿ ತೋರಿಸಿದಾಗ ಜಾನ್ಸನ್ ಅವರ ನಿಧಾನದ, ತೂಕವಾದ ರಕ್ಷಣೆ ಕುಣಿದಾಟದಂತೆ ಕಾಣುತ್ತದೆ. ಹಳಬರಿಗೆ ಆಟವೇ ಬರುತ್ತಿರಲಿಲ್ಲ ಎಂಬ ತೀರ್ಪು ಎಷ್ಟೋ ಸಲ ಪ್ರೊಜೆಕ್ಟರ್ ಕೊಟ್ಟ ತೀರ್ಪು.

ಮಹಾನ್ ಬಾಕ್ಸರ್‌ಗಳ ಪಟ್ಟಿಯಲ್ಲೇ ಒಂದು ಅನ್ಯಾಯ ಅಡಗಿದೆ, ಯಾವ ಕಂಪ್ಯೂಟರೂ ಅದನ್ನು ಸರಿಪಡಿಸಲಾರದು. 1915ರಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ 1937ರಲ್ಲಿ ಲೂಯಿ ಗೆಲ್ಲುವವರೆಗೆ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕಾಗಿ ಆಡುವ ಅವಕಾಶವನ್ನೇ ಕೊಡಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದರೂ ಡೆಂಪ್ಸಿ ಎದುರು ನಿಲ್ಲಲಾಗಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಹೆವಿವೇಟ್ ಪಟ್ಟದ ಪಂದ್ಯ ಕೊನೆಯವರೆಗೂ ಸಿಗಲಿಲ್ಲ. ಕಾರಣ ಬೇರೆಯಾದರೂ, 1972, 1976, 1980ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಕ್ಯೂಬಾದ ತೆಯೊಫಿಲೊ ಸ್ಟೀವನ್‌ಸನ್ ವೃತ್ತಿಪರರಾಗಲೇ ಇಲ್ಲ. ಆಯಾ ಕಾಲದ ಅತ್ಯುತ್ತಮರೆಲ್ಲ ಪರಸ್ಪರ ಆಡಿಯೇ ಇಲ್ಲದಾಗ, ಆ ಕಾಲದ ಚಾಂಪಿಯನ್ ಎಷ್ಟು ದೊಡ್ಡವನೆಂಬ ಅಳತೆ ಸಡಿಲವಾಗುತ್ತದೆ. ಡೆಂಪ್ಸಿ ಅವರ ಏಳು ವರ್ಷಗಳ ಪಟ್ಟಕ್ಕೂ ಅಲಿ ಆಳಿದ 1970ರ ದಶಕಕ್ಕೂ ಒಂದೇ ತೂಕ ಕೊಡುವುದು ತಪ್ಪು.

ಇಷ್ಟನ್ನೆಲ್ಲ ಒಳಗೊಂಡು ಪ್ರಶ್ನೆ ಕೇಳಿದರೆ ಉತ್ತರಗಳು ಸ್ಪಷ್ಟವಾಗತೊಡಗುತ್ತವೆ. 1955ರ ಮಾರ್ಸಿಯಾನೊ ಮತ್ತು 1966ರ ಅಲಿ, 15 ಸುತ್ತು ಎಂದಿಟ್ಟುಕೊಂಡರೆ ಅಲಿಯೇ ಮುಂದು. ಇಬ್ಬರ ತೋಳಳವಿಯಲ್ಲಿ 25 ಸೆಂಟಿಮೀಟರ್‌ನಷ್ಟು ಅಂತರವಿದೆ. ಮಾರ್ಸಿಯಾನೊ ಅವರ ಚರ್ಮ ಬೇಗ ಹರಿಯುವಂಥದು. 1954ರಲ್ಲಿ ಎಜರ್ಡ್ ಚಾರ್ಲ್ಸ್ ಎದುರು ಅವರ ಮೂಗಿನ ತುದಿ ಸೀಳಿ, ನಾಕೌಟ್ ಸಿಗದಿದ್ದರೆ ಪಂದ್ಯ ನಿಲ್ಲುವ ಸ್ಥಿತಿ ಬಂದಿತ್ತು. ಅಲಿಯ ಜ್ಯಾಬಿಗೆ ಅದು ಸಿದ್ಧ ಗುರಿ. ವೃತ್ತಿಪರ ರಿಂಗಿನಲ್ಲಿ ಅಲಿಯನ್ನು ನಿರ್ವಿವಾದವಾಗಿ ಕೆಡವಿದ ಸನಿ ಬ್ಯಾಂಕ್ಸ್, ಹೆನ್ರಿ ಕೂಪರ್, ಫ್ರೇಜರ್ ಮೂವರೂ ಬಳಸಿದ್ದು ಎಡಗೈ ಹುಕ್. ಮಾರ್ಸಿಯಾನೊ ಅವರ ದೊಡ್ಡ ಅಸ್ತ್ರ ಬಲಗೈ. ಮೂರೂವರೆ ವರ್ಷ ರಿಂಗಿನಿಂದ ದೂರವಿದ್ದು 1970ರಲ್ಲಿ ಮರಳಿದ, ಕಾಲು ಭಾರವಾದ ಅಲಿ ಎದುರಾದರೆ ಪಂದ್ಯ ಬಹಳ ಹತ್ತಿರವಾಗುತ್ತದೆ. ಏಕೆಂದರೆ ಬಿಡದೆ ಒಳನುಗ್ಗುವ ಫ್ರೇಜರ್ ಗೆದ್ದದ್ದು ಆ ಅಲಿಯ ಮೇಲೆ.

ಅಲಿ ಮತ್ತು ಲೂಯಿ ಜೋಡಿ ಇದಕ್ಕಿಂತ ಕಠಿಣ. ಇಲ್ಲಿ ಗಾತ್ರದ ತಕರಾರು ಹೆಚ್ಚಿಲ್ಲ. ಲೂಯಿ ಸುಮಾರು 90 ಕಿಲೋ, ಯೌವನದ ಅಲಿ ಸುಮಾರು 95. ಲೂಯಿ 25 ಸಲ ಪಟ್ಟ ಉಳಿಸಿಕೊಂಡವರು, ಚಿಕ್ಕ ಜಾಗದಲ್ಲಿ ಸಾಲುಸಾಲಾಗಿ ನಿಖರ ಗುದ್ದುಗಳನ್ನು ಬಿಡಬಲ್ಲವರು. ಆದರೆ ಜ್ಯಾಬ್ ಮಾಡಿದ ಮೇಲೆ ಅವರ ಎಡಗೈ ಕೆಳಗಿಳಿಯುತ್ತಿತ್ತು. ಅದನ್ನು ಗಮನಿಸಿದ ಮ್ಯಾಕ್ಸ್ ಷ್ಮೆಲಿಂಗ್ 1936ರಲ್ಲಿ ಬಲಗೈಯಿಂದ ಹೊಡೆದು ಹೊಡೆದು ಹನ್ನೆರಡನೆಯ ಸುತ್ತಿನಲ್ಲಿ ಅವರನ್ನು ಕೆಡವಿದ್ದರು. ಕಾಲಿನ ಚುರುಕಿನವರು ಲೂಯಿಗೆ ಯಾವಾಗಲೂ ತೊಂದರೆ ಕೊಟ್ಟರು. ಹನ್ನೊಂದು ಕಿಲೋ ಕಡಿಮೆ ತೂಗುತ್ತಿದ್ದ ಕಾನ್ ಹನ್ನೆರಡು ಸುತ್ತು ಅವರನ್ನು ಆಡಿಸಿದರು, 1947ರಲ್ಲಿ ವಾಲ್ಕಾಟ್ ಎರಡು ಸಲ ಕೆಡವಿದರು. ಅಲಿಗೆ ಅಂಥ ಕಾಲುಗಳೂ ಇದ್ದವು, ಕಾನ್‌ಗೆ ಇಲ್ಲದ ಗಾತ್ರವೂ ಇತ್ತು. ಆದ್ದರಿಂದ 12 ಸುತ್ತುಗಳ ಪಂದ್ಯದಲ್ಲಿ ಅಂಕಗಳ ಮೇಲೆ ಅಲಿ ಗೆಲ್ಲುವುದೇ ಹೆಚ್ಚು ಸಂಭವ. 15 ಸುತ್ತುಗಳಾದರೆ, ಕೈ ಕೆಳಗಿಟ್ಟು ಹಿಂದಕ್ಕೆ ಬಾಗಿ ಗುದ್ದು ತಪ್ಪಿಸುವ ಅಲಿಯ ಅಭ್ಯಾಸದಲ್ಲಿ ಒಂದೇ ಒಂದು ಬಿರುಕು ಹುಡುಕಲು ಲೂಯಿಗೆ ಇನ್ನೂ ಒಂಬತ್ತು ನಿಮಿಷ ಸಿಗುತ್ತದೆ. ಕಾನ್ ಎದುರು ಅವರಿಗೆ ಅದರಲ್ಲಿ ಮೂರು ನಿಮಿಷವೂ ಬೇಕಾಗಿರಲಿಲ್ಲ.